ಮೂರನೆಯ ಕಂತು

ಸ್ವೆಟರಿನ ಎಡತೋಳಿಗೆ ಬಲಗೈ ತೂರಿಸಿ, ತಲೆ ಎಲ್ಲಿಂದ ಹೊರಬರಬೇಕೆಂದು ತಿಳಿಯದೆ ಪದ್ಮನಾಭರು ಉಣ್ಣೆಯೊಳಗೇ ನಿಂತುಬಿಟ್ಟಿದ್ದಾಗ ಗರಾಜಿನ ಬಾಗಿಲು ಮೇಲೇಳುವ ಸದ್ದಾಯಿತು. "ಯಾರೋ ಬಂದ್ರು," ಎಂದರು ಒಳಗಿನಿಂದಲೇ. ಮೈಥಿಲಿ ಅವರ ಕೈಯನ್ನು ಮೆಲ್ಲಗೆ ಹಿಂದಕ್ಕೆಳೆದು, ಸ್ವೆಟರನ್ನು ತಿರುಗಿಸಿ, ಮಗುವಿಗೆ ತೊಡಿಸುವ ಹಾಗೆ ಮೊದಲು ತಲೆ ತೂರಿಸಿದಳು. ಹೊರಬಂದ ಮುಖದ ತುಂಬ ಗಾಬರಿ. ಬಿಳಿ ಕೂದಲೆಲ್ಲ ನೆಟ್ಟಗೆ ನಿಂತಿತ್ತು.

"ವಿಭಾ ಕಣ್ರೀ. ಶನಿವಾರ ಅಲ್ವಾ," ಎಂದಳು.

ಅವರು ತಲೆಯಾಡಿಸಿದರು. ಗೊತ್ತಾಯಿತೆಂದು ಆಡಿಸಿದ್ದಲ್ಲ ಅದು. ಎದುರಿಗಿದ್ದವರಿಗೆ ಬೇಸರವಾಗಬಾರದೆಂಬ ಹಳೆಯ ಸೌಜನ್ಯ ಒಂದು ಅವರಲ್ಲಿ ಇನ್ನೂ ಉಳಿದಿತ್ತು. ಮೀಟಿಂಗುಗಳನ್ನು, ದೊಡ್ಡ ದೊಡ್ಡ ಪ್ರಾಜೆಕ್ಟುಗಳನ್ನು ಬೆರಳ ತುದಿಯಲ್ಲಿ ಆಡಿಸಿದ ಮನುಷ್ಯ. ಮರೆವಿನ ಕಾಯಿಲೆ ಹಿಡಿದು ಮೂರು ವರ್ಷಕ್ಕೆ ಬಂದಿತ್ತು. ಮೊದಲು ಕಾರಿನ ದಾರಿ ಮರೆಯಿತು, ಆಮೇಲೆ ಗಂಟೆ, ಆಮೇಲೆ ಹೆಸರುಗಳು. ಈಗ ಇಂಗ್ಲಿಷೂ ಒಂದೊಂದೇ ಮಾತಾಗಿ ಬಿಟ್ಟುಹೋಗುತ್ತಿತ್ತು.

ವಿಭಾ ಬರ್ಕ್ಲಿಯಲ್ಲಿದ್ದಳು, ಯೂನಿವರ್ಸಿಟಿಯ ಲ್ಯಾಬೊಂದರಲ್ಲಿ ಕೆಲಸ. ಪ್ರತಿ ಶನಿವಾರ ಫ್ರೀವೇ ಹಿಡಿದು ಪ್ಲೆಸೆಂಟನ್ನಿನ ಈ ಮನೆಗೆ ಬಂದು, ಅಪ್ಪನ ಜೊತೆ ಒಂದಿಷ್ಟು ಹೊತ್ತು ಕೂತು, ಅಮ್ಮ ಗ್ರೋಸರಿಗೋ ಡಾಕ್ಟರ ಹತ್ತಿರಕ್ಕೋ ಹೋಗಿಬರಲು ಬಿಡುವು ಮಾಡಿಕೊಡುತ್ತಿದ್ದಳು. ಇವತ್ತು ಒಳಗೆ ಬಂದವಳು ಶೂ ಬಿಚ್ಚುವುದನ್ನೂ ಮರೆತು, ಎದೆಗವುಚಿಕೊಂಡಿದ್ದ ಒಂದು ದಪ್ಪ ಕವರನ್ನು ಅಡಿಗೆಮನೆಯ ಕಟ್ಟೆಯ ಮೇಲೆ ಇಟ್ಟಳು.

"ಅಮ್ಮಾ, ಸಿಕ್ತು," ಎಂದಳು ಮೆಲುದನಿಯಲ್ಲಿ. "ಹ್ಯಾಸ್ಕಿನ್ ಕಥೆ. ಥರ್ಡ್ ಪಾರ್ಟ್ ಸಿಕ್ತು."

ಮೈಥಿಲಿ ಹೀರೇಕಾಯಿ ಹೆರೆಯುತ್ತಿದ್ದ ಕೈ ನಿಲ್ಲಿಸಲಿಲ್ಲ.

ಆಲ್ವಾ ಹ್ಯಾಸ್ಕಿನ್ ಎಂಬ ಹೆಸರು ಆ ಮನೆಯಲ್ಲಿ ನೆಂಟನ ಹೆಸರಿನಷ್ಟು ಬಳಕೆಯಾಗಿತ್ತು. ಮೈಥಿಲಿಯ ಪಾಲಿಗೆ ಮಾತ್ರ ಎಂದೂ ಸೇರದ ನೆಂಟ. ನೂರು ವರ್ಷದ ಹಿಂದೆ ಓಕ್ಲೆಂಡಿನ ಫೆರಿ ದೋಣಿಗಳ ಕಟ್ಟೆಯಲ್ಲಿ ಟಿಕೆಟ್ಟು ಹರಿದುಕೊಡುತ್ತ ಕೂತಿದ್ದ ಗುಮಾಸ್ತ ಅವನು. ಆರಿಹೋದ ಸೂರ್ಯರ ಕಥೆ, ಸತ್ತಮೇಲೂ ಆಳುವ ದೊರೆಗಳ ಕಥೆ, ಮರಳ ಮೇಲೆ ತಾವಾಗಿ ನಡೆದುಹೋಗುವ ಪಟ್ಟಣಗಳ ಕಥೆ ಬರೆಯುತ್ತಿದ್ದ. ನಡುನಡುವೆ ಪುಟದ ಅಡಿಯಲ್ಲಿ ಉಳಿದ ಜಾಗ ತುಂಬಿಸಲು ಪದ್ಯ. ಎಲ್ಲವೂ ಅಚ್ಚಾಗಿದ್ದು ಅತಿ ಅಗ್ಗದ ಕಾಗದದ ಕಥಾಪತ್ರಿಕೆಗಳಲ್ಲಿ. ಜನ ರೈಲಿನಲ್ಲಿ ಓದಿ ಸೀಟಿನ ಮೇಲೇ ಬಿಟ್ಟು ಇಳಿದುಹೋಗುವಂಥವು. ನಲವತ್ತು ತುಂಬುವ ಮೊದಲೇ ಸತ್ತ. ಒಂದು ಪುಸ್ತಕವೂ ಬರಲಿಲ್ಲ.

ಅಂಥವನ ಬರಹವನ್ನೆಲ್ಲ ಹುಡುಕಿ ಹುಡುಕಿ ಕೂಡಿಹಾಕಿದವರು ಮೈಸೂರು ಅಗ್ರಹಾರದ ಅನಂತಪದ್ಮನಾಭ. ಹಳೇ ಪುಸ್ತಕದಂಗಡಿಗಳಿಂದ, ಸತ್ತವರ ಮನೆಯ ಸಾಮಾನು ಮಾರುವಲ್ಲಿಂದ, ಕಂಡು ಕೇಳರಿಯದ ಊರುಗಳಿಂದ ಅಂಚೆಯಲ್ಲಿ ತರಿಸಿದ್ದರು. ಗರಾಜಿನಲ್ಲಿ ಕಾರಿಗೆ ಜಾಗವಿರಲಿಲ್ಲ. ಗೋಡೆಯುದ್ದ ಕಬ್ಬಿಣದ ಶೆಲ್ಫುಗಳು, ಒಂದೊಂದು ಪತ್ರಿಕೆಗೂ ಪ್ಲಾಸ್ಟಿಕ್ಕಿನ ಕವರು. ಮುಟ್ಟಿದರೆ ಉದುರುವ ಕಂದು ಕಾಗದದ ಪುಡಿ ಅವರ ಚಪ್ಪಲಿಗೆ ಅಂಟಿ ಮನೆಯೊಳಗಿನ ಕಾರ್ಪೆಟ್ಟಿಗೂ ಬರುತ್ತಿತ್ತು. ಆ ಪುಡಿಯನ್ನು ಗುಡಿಸುವಾಗೆಲ್ಲ ಮೈಥಿಲಿ ಹಲ್ಲು ಕಚ್ಚಿಕೊಳ್ಳುತ್ತಿದ್ದಳು. ಎರಡು ವರ್ಷದ ಹಿಂದೆ, ಅಪ್ಪನ ತಲೆ ಅಷ್ಟಿಷ್ಟು ನಡೆಯುತ್ತಿದ್ದಾಗಲೇ, ವಿಭಾ ಬರ್ಕ್ಲಿಯ ಪುಟ್ಟ ಪ್ರಕಾಶನವೊಂದನ್ನು ನಡೆಸುವ ಮಾರ್ಗೋ ಎಂಬ ಹೆಂಗಸನ್ನು ಕರೆತಂದು ಶೆಲ್ಫುಗಳನ್ನು ತೋರಿಸಿದ್ದಳು. ಹ್ಯಾಸ್ಕಿನ್‌ನ ಎಲ್ಲ ಕಥೆ, ಎಲ್ಲ ಪದ್ಯ ಸೇರಿಸಿ ಒಂದು ಪುಸ್ತಕ ಮಾಡುವುದೆಂದಾಯಿತು. ಎಲ್ಲ ಇತ್ತು, ಒಂದು ಬಿಟ್ಟು. ಮೂರು ಕಂತುಗಳಲ್ಲಿ ಬಂದ ಒಂದು ನೀಳ್ಗತೆಯ ಕೊನೆಯ ಕಂತು ಇಪ್ಪತ್ತು ವರ್ಷ ಹುಡುಕಿದರೂ ಪದ್ಮನಾಭರ ಕೈಗೆ ಸಿಕ್ಕಿರಲಿಲ್ಲ.

ಎಲ್ಲ ಶುರುವಾಗಿದ್ದು ಆ ಕಥೆಯಿಂದಲೇ. ಶುರು ಮಾಡಿದವಳು ಹಂಸಾ.

ಹಂಸಾ ಅವರ ದೊಡ್ಡ ಮಗಳು. ಹತ್ತು ವರ್ಷಕ್ಕೆ ರಕ್ತದ ಕ್ಯಾನ್ಸರು ಬಂತು. ಔಷಧಿಯ ಮೊದಲ ಸುತ್ತು ಮುಗಿದು, ಬೋಳಾದ ತಲೆಗೆ ಹಳದಿ ಟೋಪಿ ಹಾಕಿಕೊಂಡಿದ್ದಾಗ, ಒಂದು ಭಾನುವಾರ ಅಪ್ಪನ ಜೊತೆ ಬರ್ಕ್ಲಿಯ ಹಳೇ ಪುಸ್ತಕದಂಗಡಿಗೆ ಹೋದವಳು ಮೇಲುಹೊದಿಕೆಯ ಚಿತ್ರ ನೋಡಿ ಎರಡು ಪತ್ರಿಕೆ ಆರಿಸಿಕೊಂಡು ಬಂದಿದ್ದಳು. ಬೆಳ್ಳಗಿನ ಬಯಲು, ಮೇಲೆ ಎರಡು ಚಂದ್ರ, ಕೈಯಲ್ಲಿ ಲಾಟೀನು ಹಿಡಿದು ನಡೆಯುತ್ತಿರುವ ಒಬ್ಬ ಹುಡುಗಿ. ಕಥೆಯಲ್ಲಿ ಒಂದು ದಿನ ಸಮುದ್ರ ಇದ್ದಕ್ಕಿದ್ದ ಹಾಗೆ ದಡ ಬಿಟ್ಟು ಹೊರಟುಹೋಗುತ್ತದೆ. ಉಪ್ಪಿನ ಬಯಲಷ್ಟೇ ಉಳಿಯುತ್ತದೆ. ದೀಪಸ್ತಂಭದ ಕಾವಲುಗಾರ ಮಾತ್ರ ದಿನವೂ ದೀಪ ಹಚ್ಚುವುದನ್ನು ಬಿಡುವುದಿಲ್ಲ. ಅವನ ಮಗಳು ಸಮುದ್ರ ಹೋದ ದಾರಿಯನ್ನು ಹುಡುಕಿಕೊಂಡು ಹೊರಡುತ್ತಾಳೆ. ಎರಡನೆಯ ಕಂತಿನ ಕೊನೆಗೆ ಉಪ್ಪಿನ ನಡುವೆ ಒಂದು ಬಾಗಿಲು. ಆಚೆ ಅಲೆಗಳ ಸದ್ದು. ಹುಡುಗಿ ಬಾಗಿಲು ತಟ್ಟುತ್ತಾಳೆ. ಮುಂದಿನದು ಮುಂದಿನ ತಿಂಗಳು.

ಆಸ್ಪತ್ರೆಯ ಹಾಸಿಗೆಯ ಪಕ್ಕ ಕೂತು ಪದ್ಮನಾಭರು ಇಂಗ್ಲಿಷಿನದನ್ನು ಕನ್ನಡ ಮಾಡಿಕೊಂಡು ಎರಡು ಕಂತನ್ನೂ ಎಷ್ಟೋ ಸಲ ಹೇಳಿದ್ದರು. ಬಾಗಿಲ ಹಿಂದೆ ಏನಿತ್ತೆಂದು ಮಗಳು ಪೀಡಿಸಿದರೆ ಪತ್ರಿಕೆ ಹುಡುಕಿ ತರುತ್ತೇನೆ ಎನ್ನುತ್ತಿದ್ದುದನ್ನು ಮೈಥಿಲಿ ಕೇಳಿದ್ದಳು.

ಆ ಚಳಿಗಾಲ ಮೈಸೂರಿನಿಂದ ಫೋನು ಬಂತು. ಮೈಥಿಲಿಯ ಅಮ್ಮ ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದಿತ್ತು. ಉಳಿಯುವ ಹಾಗೆ ಕಾಣುವುದಿಲ್ಲ ಎಂದರು. ಹಂಸಾ ಆಗ ಚೇತರಿಸಿಕೊಂಡಿದ್ದಳು, ಡಾಕ್ಟರೇ ಹೋಗಿಬನ್ನಿ ಎಂದರು. ನಾಲ್ಕು ವರ್ಷದ ವಿಭಾಳನ್ನು ಕರೆದುಕೊಂಡು ಮೈಥಿಲಿ ಹೊರಟಳು. ಹೋದ ವಾರದಲ್ಲೇ ಹಂಸಾಳಿಗೆ ಜ್ವರ ಬಂತು. ಸೋಂಕು ರಕ್ತಕ್ಕೇರಿತು. ಮೈಥಿಲಿ ಸಿಕ್ಕ ವಿಮಾನ ಹತ್ತಿದಳು. ಸಿಂಗಪುರದಲ್ಲಿ ಇಳಿದು ಫೋನು ಮಾಡಿದಾಗ ಎತ್ತಿದವರು ಪದ್ಮನಾಭರಲ್ಲ, ಅವರ ಆಫೀಸಿನ ಸ್ನೇಹಿತ ದೇವರಾಜು. ಅವನ ದನಿ ಕೇಳಿದ್ದೇ ಅವಳಿಗೆ ತಿಳಿದುಹೋಯಿತು. ಅವನು ಏನೇನೋ ಹೇಳಿದ, ಅವಳು ಹ್ಞೂಂ ಎಂದಳು. ವಿಭಾ ಚಾಕೊಲೇಟು ಬೇಕೆಂದು ಸೆರಗು ಜಗ್ಗುತ್ತಿದ್ದಳು. ಮೈಸೂರಿನಲ್ಲಿ ಅಮ್ಮ ಹುಷಾರಾದರು. ಕೋಲೂರಿಕೊಂಡು ಇನ್ನೂ ಮೂರು ವರ್ಷ ಬದುಕಿದ್ದರು.

ಕರ್ಮಗಳೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಅವಳು ಗಂಡನನ್ನು ಕೇಳಿದ್ದಳು, ಕೊನೆಗೆ ಏನಂದಳು ಎಂದು. "ನಿದ್ದೆ ಬಂದಿತ್ತು ಅವಳಿಗೆ," ಎಂದಷ್ಟೇ ಹೇಳಿ ಪದ್ಮನಾಭರು ಕಾರಿನ ಕೀ ತೆಗೆದುಕೊಂಡು ಹೊರಟುಹೋದರು. ಇನ್ನೊಮ್ಮೆ ಕೇಳಿದಾಗ ಅದನ್ನೂ ಹೇಳಲಿಲ್ಲ. ಆ ಮೇಲೇ ಪತ್ರಿಕೆಗಳು ಬರತೊಡಗಿದ್ದು. ತಾನು ಅಳುತ್ತ ಕೂತ ಮನೆಯಲ್ಲಿ ಇವರು ಸತ್ತ ಗುಮಾಸ್ತನ ಭೂತಪ್ರೇತದ ಕಥೆ ಜೋಡಿಸುತ್ತಿದ್ದಾರೆ ಎಂದು ಅವಳಿಗೆ ಮೈಯೆಲ್ಲ ಉರಿದಿತ್ತು. ಆಮೇಲಾಮೇಲೆ ಉರಿಯುವುದೂ ನಿಂತಿತು. ಕೇಳುವುದನ್ನು ಅವಳು ಬಿಟ್ಟಳು, ಹೇಳುವುದನ್ನು ಅವರು ಬಿಟ್ಟರು, ಸಂಸಾರ ನಡೆಯಿತು.

"ಒಹಾಯೋದಲ್ಲಿ ಯಾರದೋ ಅಟ್ಟದಲ್ಲಿತ್ತಂತೆ," ವಿಭಾ ಹೇಳುತ್ತಿದ್ದಳು. ಆ ಮನೆಯವರು ಪುಟಗಳ ಫೋಟೋ ಕಳಿಸಿದ್ದರು, ಮಾರ್ಗೋ ಅದನ್ನೂ ಅಚ್ಚಿಗೆ ಜೋಡಿಸಿದ್ದಳು. ಕವರಿನೊಳಗಿದ್ದದ್ದು ಇಡೀ ಪುಸ್ತಕದ ಕರಡು. "ಇವತ್ತು ಅಪ್ಪಂಗೆ ಓದ್ತೀನಿ."

"ಬೇಡ," ಎಂದಳು ಮೈಥಿಲಿ.

"ವೈ ನಾಟ್? ಇಷ್ಟು ವರ್ಷ ಇದಕ್ಕೋಸ್ಕರ ಅಲ್ವಾ ಅಪ್ಪ..."

"ಈಗ ಅವರ ತಲೇಲಿ ಅದೆಲ್ಲ ಇಲ್ಲ ಪುಟ್ಟಿ. ಸುಮ್ನೆ ಯಾಕೆ ಕೆದಕ್ತೀಯ? ಒಂದ್ಸಲ ಹಂಸು ನೆನಪಾದ್ರೆ ರೂಮ್ ರೂಮಲ್ಲೂ ಹುಡುಕ್ತಾರೆ. ಬಚ್ಚಲ ಪರದೆ ಸರಿಸಿ ನೋಡ್ತಾರೆ. ನೀನು ಸಂಜೆ ಎದ್ದು ಹೋಗ್ತೀಯ. ಇಲ್ಲ ಅಂತ ಹೇಳೋಳು ನಾನು. ಹೇಳಿದಾಗ್ಲೆಲ್ಲ ಅವರಿಗೆ ಆಗತಾನೇ ಕೇಳಿದ ಹಾಗೆ."

ವಿಭಾ ಕವರಿನ ಅಂಚನ್ನು ಉಗುರಿನಲ್ಲಿ ಗೀರುತ್ತ ನಿಂತಳು. ಇಂಗ್ಲಿಷಿನಲ್ಲಿ ಏನೋ ಹೇಳಹೊರಟವಳು ತಡೆದು, ಕನ್ನಡದಲ್ಲಿ ಪದ ಹೆಕ್ಕಿಕೊಂಡು ಹೇಳಿದಳು. "ಅಮ್ಮಾ, ನಂಗೆ ಅಕ್ಕ ನೆನಪಿಲ್ಲ. ಫೋಟೋ ನೆನಪಿದೆ, ಅಷ್ಟೆ. ನೀವಿಬ್ರೂ ಅವಳ ಮಾತೇ ಆಡಲ್ಲ. ಈ ಕಥೆ ಅವಳು ಕೇಳಿದ್ಲು ಅನ್ನೋದು ಒಂದು ಗೊತ್ತು. ದಟ್ಸ್ ಆಲ್ ಐ ಹ್ಯಾವ್."

ಮಗಳು ಅಪ್ಪನ ಹತ್ತಿರ ಹೋದ ಮೇಲೆ ಮೈಥಿಲಿ ಕೈ ಒರೆಸಿಕೊಂಡು ಕವರು ಬಿಚ್ಚಿದಳು. ಬೆಳ್ಳಗಿನ ಹಾಳೆ, ದುಂಡು ಅಕ್ಷರ. ಪುಡಿ ಉದುರದ ಹ್ಯಾಸ್ಕಿನ್ ಬೇರೆ ಯಾರೋ ಎನ್ನಿಸಿತು. ಅಲ್ಲಲ್ಲಿ ತಿರುವಿದಾಗ ನಾಲ್ಕು ಸಾಲಿನ ಪದ್ಯವೊಂದು ಕಣ್ಣಿಗೆ ಬಿತ್ತು. ಆಚೆ ದಡಕ್ಕೆ ದಿನವೂ ಟಿಕೆಟ್ಟು ಮಾರುತ್ತೇನೆ, ಆಚೆ ದಡವನ್ನು ನಾನು ಕಂಡವನಲ್ಲ. ಮರಳಿ ಬಂದವರನ್ನು ಕೇಳೋಣವೆಂದರೆ, ಮಂಜಿನಲ್ಲಿ ಯಾರ ಮುಖವೂ ತಿಳಿಯುವುದಿಲ್ಲ ಎಂಬ ಅರ್ಥದ್ದು. ಅವಳು ಅದನ್ನು ಎರಡು ಸಲ ಓದಿದಳು. ಇಷ್ಟು ವರ್ಷ ಒಂದೇ ಮಾಡಿನ ಕೆಳಗಿದ್ದ ಈ ಮನುಷ್ಯನ ಒಂದು ಸಾಲನ್ನೂ ತಾನು ಓದಿರಲಿಲ್ಲವೆಂಬುದು ಆಗ ಹೊಳೆಯಿತು.

ಊಟವಾದ ಮೇಲೆ ಅವಳೇ ಹೇಳಿದಳು, ಓದುವುದಾದರೆ ಈಗಲೇ ಓದು, ಸಂಜೆಯಾದರೆ ಅವರಿಗೆ ಕಳವಳ ಶುರುವಾಗುತ್ತದೆ ಎಂದು.

ಕಿಟಕಿಯ ಪಕ್ಕದ ಸೋಫಾದಲ್ಲಿ ಪದ್ಮನಾಭರು ಕೂತರು. ಹೊರಗೆ ಎದುರು ಮನೆಯವರು ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಪದ್ಮನಾಭರ ಗಮನವೆಲ್ಲ ಅಲ್ಲಿತ್ತು. ವಿಭಾ ಮೊದಲ ಎರಡು ಕಂತನ್ನು ಚುಟುಕಾಗಿ ನೆನಪಿಸಿ ಮೂರನೆಯದನ್ನು ಓದತೊಡಗಿದಳು. ಒಳ್ಳೆಯ ಓದು, ತಡೆಯಿಲ್ಲದೆ ಹರಿಯುವ ಇಲ್ಲಿಯ ಇಂಗ್ಲಿಷು. ಒಂದು ಪುಟ ಮುಗಿಯುವುದರೊಳಗೆ ಪದ್ಮನಾಭರು ಹೆಂಡತಿಯ ಕಡೆ ವಾಲಿದರು.

"ಏನು ಹೇಳ್ತಿದಾಳೆ ಈ ಹುಡುಗಿ?"

"ಕಥೆ ಓದ್ತಿದಾಳೆ."

"ಕನ್ನಡದಲ್ಲಿ ಹೇಳೋಕೆ ಹೇಳು."

ವಿಭಾ ಪ್ರಯತ್ನಿಸಿದಳು. ಉಪ್ಪು ಎಂದಳು, ಬಾಗಿಲು ಎಂದಳು, ಆಮೇಲೆ ಸಿಂಹಾಸನಕ್ಕೆ ಪದ ಸಿಗದೆ ಅಮ್ಮನ ಮುಖ ನೋಡಿ ಹಾಳೆಗಳನ್ನು ಅವಳ ಮಡಿಲಿಗೆ ಇಟ್ಟಳು. ಮೈಥಿಲಿ ಕನ್ನಡಕ ಏರಿಸಿಕೊಂಡಳು. ಹಿಂದೆ ಡೇಕೇರಿನಲ್ಲಿ ಮಕ್ಕಳಿಗೆ ಬೇಕಾದಷ್ಟು ಕಥೆ ಓದಿ ಹೇಳಿದ್ದವಳು.

ಬಾಗಿಲು ತಾನಾಗಿ ತೆರೆಯಿತು, ಎಂದು ಹೇಳತೊಡಗಿದಳು. ಒಳಗೆ ಸಮುದ್ರವಿರಲಿಲ್ಲ, ಒಂದು ದೊಡ್ಡ ಹಜಾರವಿತ್ತು. ಕೊನೆಯಲ್ಲಿ ಎಂದೋ ಸತ್ತ ಸಮುದ್ರರಾಜ ಸಿಂಹಾಸನದ ಮೇಲೆ ಕೂತಿದ್ದ. ಅಲೆಗಳ ಸದ್ದು ಬರುತ್ತಿದ್ದದ್ದು ಅವನ ಮುಚ್ಚಿದ ಮುಷ್ಟಿಯಿಂದ. ಸಮುದ್ರವನ್ನು ಕೊಡು ಎಂದು ಹುಡುಗಿ ಬೇಡಿದಳು. ನಿನ್ನ ಕಣ್ಣೀರಿಂದ ಇನ್ನೊಂದು ಮಾಡಿಕೋ ಎಂದು ಅವನು ತುಟಿ ಅಲುಗಿಸದೆ ನುಡಿದ. ಹುಡುಗಿ ಅತ್ತಳು. ಅತ್ತಷ್ಟೂ ಅವಳ ಕಾಲ ಬೆರಳು, ಮೀನಖಂಡ, ಮಂಡಿ...

ಅಲ್ಲಿಗೆ ಮೈಥಿಲಿ ನಿಂತಳು. ಮುಂದಿನದನ್ನು ಕಣ್ಣು ಆಗಲೇ ಓದಿಬಿಟ್ಟಿತ್ತು. ಬದಲಾಯಿಸಿ ಹೇಳಿಬಿಡಲೇ ಎನ್ನಿಸಿತು. ವಿಭಾ ಎದುರಿಗೇ ಕೂತಿದ್ದಳು, ಅವಳಿಗೆ ಏನಿದೆಯೆಂದು ಗೊತ್ತಿತ್ತು. ಇದ್ದದ್ದನ್ನೇ ಹೇಳಿದಳು. ಹುಡುಗಿ ಅಡಿಯಿಂದ ಮುಡಿಯವರೆಗೆ ಉಪ್ಪಾದಳು. ಕಾದು ಕಾದು ಕಾವಲುಗಾರ ದೀಪವನ್ನೇ ಕಿತ್ತು ಕೈಯಲ್ಲಿ ಹಿಡಿದು ಬಯಲಿಗಿಳಿದ. ಉಪ್ಪಿನ ಗೊಂಬೆಯ ಹತ್ತಿರ ಬಂದ, ಅದು ಯಾರೆಂದು ಗುರುತು ಹತ್ತಲಿಲ್ಲ, ಅದಕ್ಕೇ ಒರಗಿ ಕೂತ. ದೀಪ ಆರಿತು. ಇನ್ನೊಂದು ಹಚ್ಚುವವರು ಆ ಲೋಕದಲ್ಲಿ ಯಾರೂ ಉಳಿದಿರಲಿಲ್ಲ.

ಇಷ್ಟೇ. ಇಷ್ಟನ್ನು ಹುಡುಕಿಕೊಂಡು ಇಪ್ಪತ್ತು ವರ್ಷ. ಮೈಥಿಲಿ ಹಾಳೆಗಳನ್ನು ಒಟ್ಟು ಮಾಡಿದಳು.

ಕಣ್ಣು ಮುಚ್ಚಿ ಕೇಳುತ್ತಿದ್ದ ಪದ್ಮನಾಭರು ಕೈ ಆಡಿಸಿದರು, ಮೀಟಿಂಗಿನಲ್ಲಿ ಕಿರಿಯರು ತಪ್ಪು ಲೆಕ್ಕ ಹೇಳಿದಾಗ ಆಡಿಸುತ್ತಿದ್ದಂತೆ. "ಅಲ್ಲ," ಎಂದರು.

"ಏನಲ್ಲ?"

"ಹಂಗಲ್ಲ ಅದು. ಯಾರೋ ತಪ್ಪಾಗಿ ಬರ್ದಿದಾರೆ." ಅವರು ನೆಟ್ಟಗೆ ಕೂತರು. ಎಷ್ಟೋ ತಿಂಗಳಿಂದ ಕಾಣದಿದ್ದ ಒಂದು ಸ್ಪಷ್ಟತೆ ಮುಖಕ್ಕೆ ಬಂದಿತ್ತು. "ಬಾಗ್ಲು ತಟ್ತಾಳೆ. ಒಳಗಿಂದ, ಯಾರದು ಅಂತಾರೆ. ನಾನು ಅಂತಾಳೆ. ಒಬ್ಳೇ ಬಂದ್ಯಾ ಅಂತಾರೆ. ಹ್ಞೂಂ, ಅಪ್ಪ ದೀಪ ನೋಡ್ಕೋಬೇಕಲ್ಲ, ಅದಕ್ಕೇ ಒಬ್ಳೇ ಬಂದೆ ಅಂತಾಳೆ."

"ಅವರಮ್ಮ ಎಲ್ಲಿ?" ಎಂದು ಮೈಥಿಲಿ ಕೇಳಿದಳು. ಯಾಕೆ ಕೇಳಿದಳೋ ಅವಳಿಗೇ ತಿಳಿಯಲಿಲ್ಲ. ಹ್ಯಾಸ್ಕಿನ್‌ನ ಕಥೆಯಲ್ಲಿ ಅಮ್ಮನೆಂಬವಳೇ ಇರಲಿಲ್ಲ.

"ಅದನ್ನೇ ಕೇಳಿದ್ಲು ಅವಳೂ."

"ಯಾರು?"

"ಹಂಸು." ಇದೂ ಒಂದು ಕೇಳುವ ಮಾತೇ ಎನ್ನುವಂತೆ ಹೇಳಿದರು. "ಅಮ್ಮ ಹಡಗು ಹತ್ತಿ ಹೋಗಿದಾಳೆ ಅಂದೆ. ಅವರಮ್ಮಂಗೆ ಹುಷಾರಿಲ್ಲ, ನೋಡ್ಕೊಂಡ್ ಬರೋಕೆ. ಹಡಗು ಹೋದ್ಮೇಲೆ ಸಮುದ್ರ ಹೊರಟೋಯ್ತು. ಇನ್ನು ಅವಳು ಹೆಂಗೆ ಬರ್ತಾಳೆ? ಅದಕ್ಕೇ ಮಗು ಹೊರಟಿದ್ದು. ಸಮುದ್ರ ಕರ್ಕೊಂಡ್ ಬರೋಕೆ."

ಹೊರಗೆ ಸೈಕಲ್ಲಿನ ಪಂಪಿನ ಸದ್ದು ನಿಂತಿತ್ತು. ಮೈಥಿಲಿ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ಕೊಟ್ರಾ? ಸಮುದ್ರ?"

"ಎಷ್ಟು ನೀರು ಬೇಕು ಅಂತ ಕೇಳ್ತಾರೆ ಒಳಗಿರೋರು. ಪೂರ್ತಿ ಬೇಕು ಅಂತಾಳೆ ಅಂದೆ ನಾನು. ಹಂಸು ಬೇಡ ಅಂದ್ಲು." ಪದ್ಮನಾಭರು ನಕ್ಕರು. ಬಗ್ಗಿ, ತಮ್ಮ ಪಾದದ ಗಂಟಿನ ಹತ್ತಿರ ಅಂಗೈ ಅಡ್ಡ ಹಿಡಿದು ತೋರಿಸಿದರು. "ಇಷ್ಟು ಸಾಕು ಅಂದ್ಲು. ಅಮ್ಮಂಗೆ ನೀರಂದ್ರೆ ಭಯ ಅಪ್ಪಾ, ಜಾಸ್ತಿ ಇದ್ರೆ ಇಳಿಯಲ್ಲ. ಇಷ್ಟಿದ್ರೆ ನಡ್ಕೊಂಡೇ ಬಂದ್ಬಿಡ್ತಾಳೆ ಅಂದ್ಲು."

ಚಿಕ್ಕವಳಿದ್ದಾಗ ಮೈಥಿಲಿ ಶ್ರೀರಂಗಪಟ್ಟಣದ ಹತ್ತಿರ ಕಾವೇರಿಯಲ್ಲಿ ಕೊಚ್ಚಿಹೋಗಿ, ಬಟ್ಟೆ ಒಗೆಯುತ್ತಿದ್ದವರ ಕೈಗೆ ಜಡೆ ಸಿಕ್ಕಿ ಉಳಿದಿದ್ದಳು. ಆಮೇಲೆ ನೀರಿಗಿಳಿದವಳಲ್ಲ. ಹಂಸಾ ಈಜು ಕಲಿಯುವಾಗ ಅಪಾರ್ಟ್‌ಮೆಂಟಿನ ಈಜುಕೊಳದ ಮೊದಲ ಮೆಟ್ಟಿಲ ಮೇಲೆ, ಪಾದ ಮಾತ್ರ ನೆನೆಸಿಕೊಂಡು ಕೂತಿರುತ್ತಿದ್ದಳು. ಮಗಳು ನೀರೊಳಗಿಂದ ತಲೆಯೆತ್ತಿ, ಅಮ್ಮ ಅಲ್ಲೇ ಇದ್ದಾಳೆಯೇ ಎಂದು ನೋಡಿಕೊಂಡು ಮತ್ತೆ ಮುಳುಗುತ್ತಿದ್ದಳು.

"ಆಮೇಲೆ?" ಎಂದಳು.

"ಆಮೇಲೇನು, ಬಿಟ್ರು ನೀರು. ಸಣ್ಣಗೆ. ಮಗು ಅದ್ರಲ್ಲೇ ಕೂತ್ಕೊಂಡ್ಲು, ಅಮ್ಮ ಬರೋ ಕಡೆ ಮುಖ ಮಾಡ್ಕೊಂಡು. ಸುಸ್ತಾಗಿತ್ತಲ್ಲ, ಅಷ್ಟು ದೂರ ನಡ್ದು. ನಿದ್ದೆ ಬರ್ತಿದೆ ಅಪ್ಪಾ, ನೀನು ನೋಡ್ತಿರು ಅಂದ್ಲು. ಸರಿ ಮಲ್ಕೋ ಅಂದೆ."

ಅವರು ಹೇಳಿ ಮುಗಿಸಿ, ಮುಗಿಯಿತೆನ್ನುವಂತೆ ಕಿಟಕಿಯ ಕಡೆ ತಿರುಗಿದರು. ಇಷ್ಟು ವರ್ಷ ಮೈಥಿಲಿ ಕಣ್ಣು ಮುಚ್ಚಿದಾಗೆಲ್ಲ ಕಾಣುತ್ತಿದ್ದುದು ಒಂದೇ: ಹಾಸಿಗೆ, ಹಳದಿ ಟೋಪಿ, ಬಾಗಿಲ ಕಡೆ ನೆಟ್ಟ ಎರಡು ಕಣ್ಣು. ಆ ಕಣ್ಣುಗಳಲ್ಲಿ ಏನಿತ್ತೆಂದು ನೋಡಲು ಅವಳಿಗೆ ಎಂದೂ ಧೈರ್ಯವಾಗಿರಲಿಲ್ಲ. ನಿದ್ದೆ ಬಂದಿತ್ತು ಎಂದು ಅವರು ಅಂದು ಹೇಳಿದ್ದು ನಿಜವನ್ನೇ. ಮಾತು ತೇಲಿಸುತ್ತಿದ್ದಾರೆಂದು ಅವಳು ತಿಳಿದಿದ್ದಳು.

ಅವಳು ಸರಿದು ಅವರ ಮಂಡಿಯ ಮೇಲೆ ಕೈಯಿಟ್ಟಳು. ನಾಲಗೆಯ ತುದಿಯಲ್ಲೇ ಹಳತಾಗಿಹೋಗಿದ್ದ ಮಾತು ಕೊನೆಗೂ ಹೊರಬಂತು. "ರೀ, ಅಮ್ಮನ ಮೇಲೆ ಕೋಪ ಇತ್ತಾ ಅವಳಿಗೆ?"

ಪದ್ಮನಾಭರು ಅವಳನ್ನು ನೋಡಿದರು. ಆ ಸ್ಪಷ್ಟತೆ ಬಂದ ಹಾಗೆಯೇ ಸರಿದುಹೋಗಿತ್ತು.

"ಯಾರಿಗೆ?" ಎಂದರು.

ವಿಭಾ ಎದ್ದು ಗರಾಜಿಗೆ ಹೋದಳು. ಸ್ವಲ್ಪ ಹೊತ್ತು ಬಿಟ್ಟು ಮೈಥಿಲಿಯೂ ಹೋದಳು. ಶೆಲ್ಫುಗಳ ನಡುವೆ ತಣ್ಣನೆಯ ಸಿಮೆಂಟಿನ ಮೇಲೆ ಮಗಳು ಮಂಡಿ ಮಡಿಚಿ ಕೂತಿದ್ದಳು. ಮುಖ ಒರೆಸಿಕೊಂಡು ಜಾಗ ಬಿಟ್ಟಳು. ಅಪ್ಪ ಹೇಳಿದ್ದನ್ನು ಮಾರ್ಗೋಗೆ ಹೇಳಲೇ ಎಂದು ಕೇಳಿದಳು. ಪುಸ್ತಕದ ಕೊನೆಯಲ್ಲಿ ಹಾಕಬಹುದು, ಖಂಡಿತ ಒಪ್ಪುತ್ತಾಳೆ.

"ಬೇಡ ಪುಟ್ಟಿ. ಅದು ಆ ಮನುಷ್ಯನ ಕಥೆ. ಅವನಿಗೆ ಹೆಂಗೆ ತೋಚಿತ್ತೋ ಹಂಗೇ ಇರ್ಲಿ, ಪಾಪ. ಅವನಿಗೂ ಏನಾಗಿತ್ತೋ ಏನೋ. ಇದು ನಮ್ಮನೇದು."

ವಿಭಾ ತಲೆದೂಗಿದಳು. ಆಮೇಲೆ, ಅಪ್ಪಾ ಎಂದು ಎಳೆದು ಅಕ್ಕ ನಿಜವಾಗಿ ಹಾಗೇ ಮಾತಾಡುತ್ತಿದ್ದಳೇ ಎಂದು ಕೇಳಿದಳು. ಹೌದು ಎಂದಳು ಮೈಥಿಲಿ. ಎಳೆದು ಎಳೆದು ಮಾತಾಡುತ್ತಿದ್ದಳು, ಸುಳ್ಳು ಹೇಳುವಾಗ ಮಾತ್ರ ಬೇಗ ಬೇಗ. ವಿಭಾ ನಕ್ಕಳು. ನಿನ್ನ ತೊಟ್ಟಿಲಿಗೆ ತನ್ನ ಗೊಂಬೆಗಳನ್ನೆಲ್ಲ ತುಂಬಿ ನಿನಗೇ ಜಾಗವಿಲ್ಲದ ಹಾಗೆ ಮಾಡಿದ್ದಳು ಎಂದು ಮೈಥಿಲಿ ಹೇಳಿದಳು. ಒಳಗಿನಿಂದ ಪದ್ಮನಾಭರು ಕೂಗುವವರೆಗೂ ಇಬ್ಬರೂ ಅಲ್ಲೇ ಇದ್ದರು. ಅಂದಿನಿಂದ ವಿಭಾ ವಾರದ ನಡುವೆಯೂ ಫೋನು ಮಾಡತೊಡಗಿದಳು, ಒಂದಲ್ಲ ಒಂದು ನೆಪ ತೆಗೆದು ಅಕ್ಕನ ಮಾತಿಗೆ ಬರುತ್ತಿದ್ದಳು. ಮೈಥಿಲಿಗೆ ಮೊದಮೊದಲು ಹೇಳಲು ಆಗುತ್ತಿರಲಿಲ್ಲ. ಆಮೇಲೆ ಪಾತ್ರೆ ತೊಳೆಯುತ್ತ, ಫೋನನ್ನು ಕಿಟಕಿಯ ಕಟ್ಟೆಗೆ ಒರಗಿಸಿ, ತಾನಾಗಿಯೇ ಶುರು ಮಾಡುತ್ತಿದ್ದಳು.

ಪುಸ್ತಕ ಬಂದದ್ದು ವಸಂತದಲ್ಲಿ, ಬೆಟ್ಟಗಳೆಲ್ಲ ಹಸಿರಾಗಿ ಇನ್ನೇನು ಹಳದಿಗೆ ತಿರುಗಬೇಕು ಅನ್ನುವಾಗ. ಗಟ್ಟಿ ರಟ್ಟಿನ, ತೂಕದ ಪುಸ್ತಕ. ಕೊನೆಯ ಕಥೆ ಹ್ಯಾಸ್ಕಿನ್ ಬರೆದಂತೆಯೇ ಇತ್ತು. ಮೊದಲ ಪುಟದಲ್ಲಿ, ಇದೆಲ್ಲವನ್ನೂ ಕಾಪಾಡಿಕೊಂಡು ಬಂದ ಅನಂತಪದ್ಮನಾಭ ಅವರಿಗೆ ಎಂದು ಮಾರ್ಗೋ ಅಚ್ಚು ಹಾಕಿಸಿದ್ದಳು. ಬರ್ಕ್ಲಿಯಲ್ಲಿ ಬಿಡುಗಡೆಯ ಪುಟ್ಟ ಸಮಾರಂಭಕ್ಕೆ ವಿಭಾ ಒಬ್ಬಳೇ ಹೋದಳು. ಅಷ್ಟು ಹೊತ್ತಿಗೆ ಪದ್ಮನಾಭರನ್ನು ಮನೆಯಿಂದ ಹೊರಗೆ ಕರೆದೊಯ್ಯುವುದು ಕಷ್ಟವಾಗಿತ್ತು. ಕಾರಿನ ಬಾಗಿಲು ಕಂಡರೆ ಹೆದರುತ್ತಿದ್ದರು. ಮಾತೂ ಕಡಿಮೆ.

ಮೈಥಿಲಿ ಪುಸ್ತಕವನ್ನು ಅವರ ಕೈಗಿಟ್ಟಳು. ಅವರು ಅದರ ಬೆನ್ನನ್ನು ಸವರಿದರು, ತೂಗಿ ನೋಡಿದರು, ಯಾರೋ ಕೊಟ್ಟ ಪ್ರಸಾದವನ್ನು ಹಿಡಿದಂತೆ ಎರಡೂ ಕೈಯಲ್ಲಿ ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು ಜೋಪಾನವಾಗಿ ಅವಳಿಗೇ ಹಿಂದಿರುಗಿಸಿದರು. ಆಮೇಲೆ ಅವಳ ಮುಖವನ್ನು ನೋಡುತ್ತ ಕೂತರು. ಮಾತಿಗಾಗಿ ಹುಡುಕುತ್ತಿದ್ದದ್ದು ಕಾಣುತ್ತಿತ್ತು.

"ನೀವು ಯಾವೂರಿನೋರು?" ಎಂದರು.

ನಲವತ್ತು ವರ್ಷದಲ್ಲಿ ಒಮ್ಮೆಯೂ ಅವರು ಅವಳನ್ನು ನೀವು ಎಂದಿರಲಿಲ್ಲ. ಮೈಥಿಲಿ ಪುಸ್ತಕವನ್ನು ಮೇಜಿನ ಮೇಲಿಟ್ಟಳು.

"ಮೈಸೂರು," ಎಂದಳು.

"ಹೌದಾ." ಅವರ ಮುಖ ಅರಳಿತು. "ನಮ್ಮನೆಯವರೂ ಅಲ್ಲಿಗೇ ಹೋಗಿದಾರೆ. ಅವರ ತಾಯಿಗೆ ಹುಷಾರಿಲ್ಲ."

"ಯಾವಾಗ ಬರ್ತಾರಂತೆ?"

"ಬರ್ತಾರೆ," ಎಂದರು ಪದ್ಮನಾಭರು. ಅವಳು ನಿಂತೇ ಇರುವುದನ್ನು ಆಗ ಗಮನಿಸಿದವರಂತೆ, ಕಷ್ಟಪಟ್ಟು ಸೋಫಾದ ಆಚೆ ತುದಿಗೆ ಸರಿದು, ತೊಡೆಯ ಮೇಲಿದ್ದ ಶಾಲನ್ನು ಒಟ್ಟು ಮಾಡಿಕೊಂಡು ಜಾಗ ಮಾಡಿದರು. "ಅಲ್ಲಿವರೆಗೂ ಕೂತಿರಿ."

ಮೈಥಿಲಿ ಹೊಸಬರ ಮನೆಗೆ ಬಂದವಳಂತೆ ದುಪಟ್ಟಾ ಸರಿಮಾಡಿಕೊಂಡು ಸೋಫಾದ ಅಂಚಿನಲ್ಲಿ ಕೂತಳು. ಇಬ್ಬರ ನಡುವೆ ಒಬ್ಬರು ಕೂರುವಷ್ಟು ಜಾಗ ಉಳಿಯಿತು. ಕಿಟಕಿಯಿಂದ ಬಿದ್ದ ಬಿಸಿಲು ಅಲ್ಲಿ ಹರಡಿಕೊಂಡು, ಮಧ್ಯಾಹ್ನ ಇಳಿದಂತೆಲ್ಲ ಮೆಲ್ಲಗೆ ನೆಲಕ್ಕೆ ಜಾರುತ್ತಿತ್ತು.